ಬಣ್ಣಕ್ಕೆ ಹಾಕುವ ಉಪ್ಪು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಚಿಟಿಕೆ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೋಳಿ ಸಾಸೇಜಿಗೆ ಬೆರೆಸುವ ಗುಲಾಬಿ ಬಣ್ಣದ ಉಪ್ಪನ್ನು ಸೂಪರ್‌ವೈಸರ್ ಬಂಗಾರ ತೂಗುವವನ ಹಾಗೆ ಉಸಿರು ಬಿಗಿಹಿಡಿದು ತೂಗುತ್ತಿದ್ದುದನ್ನು ನೋಡಿ ಅವಳು, "ಇಷ್ಟಕ್ಕೆಲ್ಲ ಯಾಕಣ್ಣ ತಕ್ಕಡಿ? ಒಂದು ಚಿಟಿಕೆ ಹಾಕಿದ್ರೆ ಆಯ್ತಲ್ಲ" ಎಂದುಬಿಟ್ಟಿದ್ದಳು. ಅವನು ತಕ್ಕಡಿಯಿಂದ ಕಣ್ಣು ತೆಗೆಯದೆ, "ಇದು ನಿಮ್ಮನೆ ಅಡುಗೆಮನೆ ಅಲ್ಲಮ್ಮ. ಇದು ಹೆಚ್ಚಾದ್ರೆ ತಿಂದೋರ ತುಟಿ ನೀಲಿಯಾಗತ್ತೆ, ಆಸ್ಪತ್ರೆ ಸೇರ್ತಾರೆ. ಇಲ್ಲಿ ಚಿಟಿಕೆ ಗಿಟಿಕೆ ಅಂದ್ರೆ ಗೇಟು ತೋರಿಸ್ತೀವಿ" ಎಂದ. ಗೇಟನ್ನೇನೂ ತೋರಿಸಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು. ವರ್ಷಗಳು ಕಳೆದು ಅದೇ ತಕ್ಕಡಿ ಅವಳ ಕೈಗೆ ಬಂದ ಮೇಲೂ ಹೆಸರು ಹೋಗಲಿಲ್ಲ.

ಅವಳದು ಬೆರೆಸುವ ಕೋಣೆ. ಬಿಸಿಲು ಎಂಬುದು ಆ ಕೋಣೆಗೆ ಗೊತ್ತೇ ಇಲ್ಲ. ಮೊಣಕಾಲಿನವರೆಗಿನ ರಬ್ಬರ್ ಬೂಟಿನೊಳಗೆ ಎರಡೆರಡು ಕಾಲುಚೀಲ ಹಾಕಿದರೂ ಪಾದ ತಣ್ಣಗೆ ಕಲ್ಲಾಗುತ್ತಿತ್ತು. ಗ್ರೈಂಡರಿನಿಂದ ಕೋಳಿಯ ಮಾಂಸ ನುರಿದು ಉದ್ದುದ್ದ ಎಳೆಯಾಗಿ ದೊಡ್ಡ ತೊಟ್ಟಿಗೆ ಬೀಳುತ್ತಿತ್ತು. ಅದಕ್ಕೆ ಐಸಿನ ಚೂರು, ಊಟದ ಉಪ್ಪು, ಮಸಾಲೆ, ಮಾಂಸ ನೀರು ಬಿಡದಂತೆ ಹಿಡಿದಿಡುವ ಬಿಳಿ ಪುಡಿ. ಕೊನೆಯಲ್ಲಿ ಗುಲಾಬಿ ಉಪ್ಪು. ಯಾರೂ ತಪ್ಪಿ ಊಟದ ಉಪ್ಪಿನ ಡಬ್ಬಕ್ಕೆ ಸುರಿಯದಿರಲಿ ಎಂದು ಆ ಉಪ್ಪಿಗೆ ಅದನ್ನು ತಯಾರಿಸುವ ಕಂಪನಿಯವರೇ ಬಣ್ಣ ಬೆರೆಸಿ ಕಳಿಸುತ್ತಿದ್ದರು. ಅದು ಬಿದ್ದ ಮಾಂಸ ಬೆಂದು ಹೊರಬಂದಾಗ ಮಗುವಿನ ಅಂಗೈ ಹಾಗೆ ತಿಳಿಗೆಂಪಾಗಿರುತ್ತಿತ್ತು. "ಅದು ಯಾಕೆ?" ಎಂದು ಅವಳು ಮೊದಲ ವಾರ ಕೇಳಿದ್ದಕ್ಕೆ ಸೂಪರ್‌ವೈಸರ್, "ಬಣ್ಣಕ್ಕೆ" ಎಂದಿದ್ದ. ತನ್ನ ಹಿಂದೆ ಬಂದ ಹೆಂಗಸರು ಕೇಳಿದಾಗ ಅವಳೂ "ಬಣ್ಣಕ್ಕೆ ಕಣೇ" ಎನ್ನುತ್ತಿದ್ದಳು. ಆ ಕೋಣೆಯಲ್ಲಿ ವಿದ್ಯೆ ಹರಿದದ್ದು ಅಷ್ಟೇ ದೂರ.

ಕೋಣೆ ತಣ್ಣಗಿದ್ದರೂ ಅಲ್ಲಿ ತಯಾರಾದ ಸಾಸೇಜಿನ ಪ್ಯಾಕೆಟ್ಟು ಅವಳ ಮನೆಗೆ ಬೆಚ್ಚನೆಯ ಉಪಕಾರ ಮಾಡಿತ್ತು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬರುವುದರೊಳಗೆ ಅವಳು ಅತ್ತೆಯ ಮಾತ್ರೆ, ಗಂಡನ ಡಬ್ಬಿ, ಮಗಳ ಜಡೆ, ನೆಲದ ಕಸ, ನೆನೆಹಾಕಿದ ಬಟ್ಟೆ ಇಷ್ಟನ್ನೂ ದಾಟಿ ಬಾಗಿಲಿಗೆ ಬರಬೇಕಿತ್ತು. ಮಗಳ ಶಾಲೆಯ ಡಬ್ಬಿಗೆ ಸಾಸೇಜನ್ನು ಬಾಣಲೆಯಲ್ಲಿ ಉರುಳಿಸಿ, ಬ್ರೆಡ್ಡಿನ ನಡುವೆ ಮಲಗಿಸಿದರೆ ಮುಗಿಯಿತು. ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಖಾಲಿ ಡಬ್ಬಿಯ ಸುಖ ಏನೆಂದು ಡಬ್ಬಿ ತುಂಬಿಸುವವರಿಗೇ ಗೊತ್ತು.

ಹಾಗೆ ಉಳಿಸಿದ ಹೊತ್ತನ್ನೆಲ್ಲ ಮನೆಯೇ ನುಂಗುತ್ತಿತ್ತು, ಒಂದನ್ನು ಬಿಟ್ಟು. ವಾರದ ರಜೆಯ ಬೆಳಿಗ್ಗೆ ಅವಳು ಈಜು ಕಲಿಯಲು ಹೋಗುತ್ತಿದ್ದಳು. ಬಸ್ಸಿನ ದಾರಿಯಲ್ಲಿ ಒಂದು ಈಜುಕೊಳವಿತ್ತು. ಹೆಂಗಸರಿಗೆ ಬೇರೆ ಹೊತ್ತು ಇದೆ ಎಂಬ ಫಲಕವನ್ನು ಅವಳು ಕಿಟಕಿಯಿಂದ ದಿನಾ ಓದುತ್ತಿದ್ದಳು. ಓದಿ ಓದಿ ಒಂದು ದಿನ ಇಳಿದೇಬಿಟ್ಟಳು. ಮೊದಮೊದಲು ಮನೆಯಲ್ಲಿ ತರಕಾರಿ ತರಲು ಎಂದು ಹೇಳಿ ಹೋಗುತ್ತಿದ್ದಳು. ಒದ್ದೆ ಕೂದಲು ಎಷ್ಟು ದಿನ ಸುಳ್ಳು ಹೇಳೀತು? ಅತ್ತೆ ಕೇಳಿದರು, "ಈ ವಯಸ್ಸಲ್ಲಿ ನೀರಿಗಿಳಿದು ಏನು, ಮೀನು ಹಿಡೀತೀಯಾ?"

"ಸಿಕ್ಕಿದ್ರೆ ಮೊದಲ ಮೀನು ನಿಮಗೇ ಅತ್ತೆ" ಎಂದಳು ಅವಳು. ಅತ್ತೆ ನಕ್ಕರು. ಮಾತು ಅಲ್ಲಿಗೇ ನಿಂತಿತು.

ನಿಜ ಹೇಳಬೇಕೆಂದರೆ ಅವಳಿಗೆ ಇನ್ನೂ ಈಜು ಬಂದಿರಲಿಲ್ಲ. ಕೊಳದ ಅಂಚಿನ ಕಬ್ಬಿಣದ ಕಂಬಿ ಹಿಡಿದು ಕಾಲು ಬಡಿಯುವುದು ಬಂದಿತ್ತು. ಈಜು ಕಲಿಸುವ ಟೀಚರು ಪ್ರತಿಸಲ, "ಕಂಬಿ ಬಿಡಿ, ನೀರು ಹಿಡ್ಕೊಳ್ಳತ್ತೆ" ಎನ್ನುತ್ತಿದ್ದಳು. "ಮುಂದಿನ ವಾರ ಬಿಡ್ತೀನಿ" ಎನ್ನುತ್ತಿದ್ದಳು ಇವಳು. ಆದರೂ ಆ ನೀರಿನಲ್ಲಿದ್ದಷ್ಟು ಹೊತ್ತು ಅವಳನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಉಪ್ಪು ಎಲ್ಲಿದೆ, ಕಾಲುಚೀಲ ಎಲ್ಲಿದೆ, ಗ್ಯಾಸ್ ಬುಕ್ ಮಾಡಿದೆಯಾ, ಏನೂ ಇಲ್ಲ. ಆ ಬೆಳಗೊಂದು ತನ್ನದು ಎಂದುಕೊಂಡೇ ಅವಳು ಉಳಿದ ವಾರವನ್ನು ತಳ್ಳುತ್ತಿದ್ದಳು.

ಅದು ಕೈತಪ್ಪಿದ್ದು ನಾದಿನಿಯ ಫೋನಿನಿಂದ.

ನಾದಿನಿ ಗಂಡನ ತಂಗಿ. ಒಳ್ಳೆಯ ಹುಡುಗಿಯೇ, ಬಂದಾಗಲೆಲ್ಲ ಹಣ್ಣು ತರುತ್ತಿದ್ದಳು, ಹೋಗುವಾಗ ಒಂದು ಚಿಂತೆ ಬಿಟ್ಟು ಹೋಗುತ್ತಿದ್ದಳು. ಅವತ್ತು ಸೋಫಾದಲ್ಲಿ ಕೂರುವ ಮುಂಚೆಯೇ ಫೋನು ಚಾಚಿದಳು. "ಅತ್ತಿಗೆ, ಇದನ್ನ ನೋಡಿ ಮೊದಲು."

ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ ಸಾಸೇಜನ್ನು ಚಾಕುವಿನಿಂದ ಸೀಳಿ, ಇದರಲ್ಲಿರುವ ರಾಸಾಯನಿಕ ನಿಮ್ಮ ಮಗುವಿನ ಹೊಟ್ಟೆಯಲ್ಲಿ ಕ್ಯಾನ್ಸರ್ ಬಿತ್ತುತ್ತದೆ ಎನ್ನುತ್ತಿದ್ದ. ಹಿಂದೆ ಎದೆ ನಡುಗಿಸುವ ಸಂಗೀತ. ಅವನ ಬೆರಳ ನಡುವಿನ ಸಾಸೇಜು ಚಿಟಿಕೆಗೆ ಗುರುತು ಸಿಕ್ಕಿತು. ಅವಳ ಕಾರ್ಖಾನೆಯದಲ್ಲ, ಆದರೆ ಅದೇ ಬಣ್ಣ, ಅದೇ ಸುಕ್ಕು.

ಗಂಡ ಇಣುಕಿ ನೋಡಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನ ಅರ್ಧ ಲಿಫ್ಟುಗಳು ಅವನ ಕೈಯಲ್ಲಿ ಸರಿಹೋಗುತ್ತಿದ್ದವು. ಮನೆಯ ಫ್ರಿಜ್ಜಿನ ಬಾಗಿಲಿನ ರಬ್ಬರು ಮಾತ್ರ ಸಡಿಲಾಗಿ ಜೋತುಬಿದ್ದು ಎಷ್ಟೋ ಕಾಲವಾಗಿತ್ತು. "ನೀನೇ ತಾನೆ ಅಲ್ಲಿ ಬೆರೆಸೋದು?" ಎಂದ. "ಇದನ್ನೆಲ್ಲ ಹಾಕ್ತೀರಾ?"

"ಹಾಕ್ತೀವಿ. ತೂಕ ಮಾಡಿ ಹಾಕ್ತೀವಿ."

"ವಿಷಾನ ತೂಕ ಮಾಡಿ ಹಾಕಿದ್ರೆ ಪಾಯಸ ಆಗತ್ತಾ?"

ನಾದಿನಿ ಅಣ್ಣನ ತೊಡೆಗೆ ಮೆಲ್ಲಗೆ ತಟ್ಟಿದಳು. "ಅತ್ತಿಗೇನ ಯಾಕೆ ಬೈತೀಯ? ಅವರಿಗೇನು ಗೊತ್ತು, ಪಾಪ. ಹೊಟ್ಟೆಪಾಡು. ಆದ್ರೆ ಪುಟ್ಟಿಗೆ ದಿನಾ ಇದನ್ನೇ ಕೊಡೋದಾ ಅತ್ತಿಗೆ? ನಮ್ಮನೇಲಿ ನಾನು ಪ್ಯಾಕೆಟ್ ಒಳಗೇ ಬಿಡಲ್ಲ. ಏನಿದ್ರೂ ಬಿಸಿಬಿಸಿ, ಆಗಷ್ಟೇ ಮಾಡಿದ್ದೇ."

ಅವರ ಮನೆಯಲ್ಲಿ ಬಿಸಿಬಿಸಿ ಮಾಡುವವಳು ಅಡುಗೆಯಾಕೆ. ಚಿಟಿಕೆ ಅದನ್ನು ಹೇಳಲಿಲ್ಲ.

ಅತ್ತೆ ಒಳಗಿನಿಂದ, "ನಮ್ಮ ಕಾಲದಲ್ಲಿ ಪ್ಯಾಕೆಟ್ಟೂ ಇರ್ಲಿಲ್ಲ, ಕಾಯಿಲೇನೂ ಇರ್ಲಿಲ್ಲ" ಎಂದು ಒಗ್ಗರಣೆ ಹಾಕಿದರು.

ಗಂಡ ತೀರ್ಪು ಕೊಟ್ಟ. "ಇನ್ಮೇಲೆ ಈ ಮನೇಲಿ ಪ್ಯಾಕೆಟ್ ಬೇಡ. ನಿನಗೆ ಹೇಗೂ ಮಾಡೋದು ಗೊತ್ತಲ್ಲ, ಆ ಕೆಮಿಕಲ್ ಇಲ್ಲದೆ ಮನೇಲೇ ಮಾಡಿಡು. ರಜಾ ದಿನ ಹೇಗೂ ಮನೇಲಿರ್ತೀಯ."

"ರಜಾ ದಿನ ನಾನು ಈಜೋಕೆ ಹೋಗ್ತೀನಿ."

"ಮಗು ಆರೋಗ್ಯಕ್ಕಿಂತ ಈಜು ಹೆಚ್ಚಾ?"

ಆ ಪ್ರಶ್ನೆಗೆ ಉತ್ತರ ಕೊಟ್ಟ ತಾಯಿಯನ್ನು ಅವಳು ಈವರೆಗೆ ನೋಡಿರಲಿಲ್ಲ. ಕೋಪ ಬಂದಿತ್ತು, ಆದರೆ ಕೋಪದ ಅಡಿಯಲ್ಲಿ ಹೆದರಿಕೆ ಕೂತಿತ್ತು. ಬಿಳಿ ಕೋಟಿನವನು ಸೀಳಿದ ಸಾಸೇಜು ಕಣ್ಣಿಗೆ ಕಟ್ಟಿತ್ತು. ತಾನೇ ಕೈಯಾರೆ ತೂಗಿ, ತಾನೇ ಕೈಯಾರೆ ಮಗಳ ಡಬ್ಬಿಗೆ ಇಟ್ಟದ್ದು.

ಮುಂದಿನ ರಜೆಯ ದಿನ ಅವಳು ಟವೆಲ್ಲನ್ನು ಮಡಚಿ ಕಪಾಟಿನ ಒಳಗೆ ತಳ್ಳಿ, ಕೋಳಿ ಅಂಗಡಿಗೆ ಹೋದಳು. ಮೂಳೆ ಬಿಡಿಸುವುದು, ಚರ್ಮ ಸುಲಿಯುವುದು, ಮಿಕ್ಸಿಯ ಸಣ್ಣ ಜಾರಿನಲ್ಲಿ ಸ್ವಲ್ಪಸ್ವಲ್ಪವೇ ಐಸಿನ ಜೊತೆ ರುಬ್ಬುವುದು, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ತುದಿ ಗಂಟು ಹಾಕುವುದು, ಹಬೆಯಲ್ಲಿ ಬೇಯಿಸುವುದು. ಕಾರ್ಖಾನೆಯಲ್ಲಿ ಒಂದೊಂದಕ್ಕೂ ಒಬ್ಬೊಬ್ಬರು ಇದ್ದರು. ಇಲ್ಲಿ ಎಲ್ಲರೂ ಅವಳೇ. ಮಾಡುವುದು ಒಂದು ಪಾಲಾದರೆ ತೊಳೆಯುವುದು ಎರಡು ಪಾಲು. ಮಿಕ್ಸಿಯ ಬ್ಲೇಡಿನ ಅಡಿಯಲ್ಲಿ ಸೇರಿಕೊಂಡ ಕೊಬ್ಬನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಕೆರೆದು ತೆಗೆಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅಡುಗೆಮನೆ ಬೆಳಿಗ್ಗೆ ಇದ್ದ ಹಾಗೆಯೇ ಕಾಣುತ್ತಿತ್ತು. ಅಡುಗೆಮನೆಯ ಕೆಲಸದ ಗುಣವೇ ಅದು: ಚೆನ್ನಾಗಿ ಮಾಡಿದರೆ ಏನೂ ಮಾಡಿಲ್ಲ ಎಂಬಂತೆ ಇರುತ್ತದೆ.

ಸಾಸೇಜು ರುಚಿಯಾಗಿತ್ತು. ಆದರೆ ಬಣ್ಣ ಬೂದಿ.

ಮಗಳು ತಟ್ಟೆಯನ್ನು ದೂರ ತಳ್ಳಿದಳು. "ಅಮ್ಮ, ಇದು ಸತ್ತೋಗಿದೆ."

"ಅದು ಮುಂಚೇನೂ ಸತ್ತೇ ಇತ್ತು ಪುಟ್ಟಿ."

"ಮುಂಚೆ ಇಷ್ಟು ಸತ್ತಿರ್ಲಿಲ್ಲ."

ಗಂಡ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು ಅಗಿದು, "ರುಚಿ ಪರವಾಗಿಲ್ಲ, ನೋಡೋಕೆ ಒಂಥರಾ" ಎಂದ.

ಅವಳು ಈ ಕತೆಯನ್ನು ಗ್ರೈಂಡರ್ ಅಕ್ಕನಿಗೆ ಹೇಳಿದಳು. ಗ್ರೈಂಡರ್ ಅಕ್ಕ ಎಂದರೆ ಮಾಂಸ ನುರಿಸುವ ಯಂತ್ರದ ಮುಂದೆ ನಿಲ್ಲುವವಳು, ಆ ಕೋಣೆಯ ಎಲ್ಲರಿಗಿಂತ ಹಿರಿಯಳು. ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವಳ ಗುಟ್ಟೂ ಗೋಡೆಯಾಚೆಗೆ ಕೇಳಿಸುತ್ತಿತ್ತು. "ಅಯ್ಯೋ, ಇಷ್ಟೇನಾ? ಕೈಯಲ್ಲೇ ಇದೆಯಲ್ಲೇ ಮದ್ದು. ಒಂಚೂರು ಕಾಗದದಲ್ಲಿ ಮಡಚ್ಕೊಂಡು ಹೋಗು. ಯಾರು ಕೇಳ್ತಾರೆ?"

ಯಾರೂ ಕೇಳುತ್ತಿರಲಿಲ್ಲ, ನಿಜ. ಚಿಟಿಕೆ ಡಬ್ಬದೊಳಗೆ ಕೈಯಿಟ್ಟಳು. ಕೈಗವಸಿನ ಬೆರಳುಗಳ ನಡುವೆ ಗುಲಾಬಿ ಹರಳು ಮಿನುಗಿತು. ತೊಟ್ಟಿ ತುಂಬ ಮಾಂಸಕ್ಕೆ ಎಷ್ಟು ಎಂದು ಅವಳ ತಕ್ಕಡಿಗೆ ಗೊತ್ತು. ಒಂದೇ ಕೋಳಿಗೆ ಎಷ್ಟು? ಲೆಕ್ಕ ಹಾಕಿದರೆ ಬೆರಳಿಗೆ ಸಿಗದಷ್ಟು ಕಡಿಮೆ. ಮನೆಯಲ್ಲಿ ಅಂಥ ತಕ್ಕಡಿ ಎಲ್ಲಿದೆ? ತುಟಿ ನೀಲಿಯಾಗುತ್ತದೆ ಎಂದ ಸೂಪರ್‌ವೈಸರನ ಮಾತು ಕಿವಿಯಲ್ಲಿ ಕೂಗಿತು. ಬೆರಳು ಸಡಿಲಿಸಿ ಹರಳುಗಳನ್ನು ಹಿಂದಕ್ಕೆ ಉದುರಿಸಿದಳು. "ಬೇಡಕ್ಕ. ಬಣ್ಣ ತಾನೆ? ಬಣ್ಣಕ್ಕೆ ಬೀಟ್‌ರೂಟ್ ಇದೆ."

ಬೀಟ್‌ರೂಟಿನ ರಸ ಹಾಕಿದ ಮೇಲೆ ಮನೆಯ ಸಾಸೇಜು ಮದುವಣಗಿತ್ತಿಯ ಹಾಗೆ ಕೆಂಪಾಯಿತು. ಮಗಳು ತಿಂದಳು. ಗಂಡ ತನ್ನ ಕೆಲಸದ ಜಾಗದಲ್ಲೆಲ್ಲ ಹೇಳಿಕೊಂಡ. ನಾದಿನಿ ರುಚಿ ನೋಡಿ, "ನೋಡಿ ಅತ್ತಿಗೆ, ಮನಸ್ಸು ಮಾಡಿದ್ರೆ ಎಷ್ಟು ಸುಲಭ" ಎಂದಳು. ರಜೆಯ ದಿನಕ್ಕೊಮ್ಮೆ ಇಡೀ ವಾರಕ್ಕಾಗುವಷ್ಟು ಮಾಡಿ ಫ್ರಿಜ್ಜಿನೊಳಗೆ ತಟ್ಟೆಯಲ್ಲಿ ಜೋಡಿಸಿಡುವುದು ಪದ್ಧತಿಯಾಯಿತು. ಕಾರ್ಖಾನೆಯ ಪ್ಯಾಕೆಟ್ಟು ಎಷ್ಟೋ ದಿನ ಇರುತ್ತದೆ, ಮನೆಯದು ಒಂದು ವಾರವಾದರೂ ಇರಲಾರದೇ ಎಂಬುದು ಅವಳ ಲೆಕ್ಕ. ವರ್ಷಗಟ್ಟಲೆ ಸಾಸೇಜಿನ ಜೊತೆ ಬದುಕಿದವಳು ಮಾತ್ರ ಹಾಕಬಹುದಾದ ಲೆಕ್ಕ ಅದು. ಬೇರೆ ಯಾರಾದರೂ ಆಗಿದ್ದರೆ ಮಾಂಸವಲ್ಲವೇ ಎಂದು ಎರಡನೆಯ ದಿನವೇ ಮೂಸಿ ನೋಡುತ್ತಿದ್ದರು. ಅವಳು ತಾನು ಬಿಟ್ಟದ್ದು ಬಣ್ಣವೊಂದನ್ನೇ ಎಂದು ನಂಬಿದ್ದಳು.

ಬಸ್ಸು ಕೊಳದ ಮುಂದೆ ಹೋಗುವಾಗ ಅವಳು ಈಗ ಆಚೆ ಬದಿಯ ಕಿಟಕಿಯಲ್ಲಿ ಕೂರುತ್ತಿದ್ದಳು.

ಸೆಕೆ ಏರಿದ ಒಂದು ವಾರದ ಕೊನೆಗೆ, ಶಾಲೆಯವರು ಕಾರ್ಖಾನೆಗೆ ಫೋನು ಮಾಡಿದರು. ಶಾಲೆಯ ಕಾಗದದಲ್ಲಿ ಅಪ್ಪನ ನಂಬರೂ ಇತ್ತು, ಆದರೆ ಮಗು ವಾಂತಿ ಮಾಡಿಕೊಂಡರೆ ಶಾಲೆಗಳು ಅಮ್ಮನನ್ನೇ ಕರೆಯುತ್ತವೆ. ಬೂಟು ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಅವಳು ಓಡಿದಳು. ಮಗಳು ಶಾಲೆಯ ಬೆಂಚಿನ ಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದಳು. ಕ್ಲಿನಿಕ್ಕಿನಲ್ಲಿ ಆ ಸಣ್ಣ ಕೈಯ ನರಕ್ಕೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಅಷ್ಟರಲ್ಲಿ ಗಂಡನೂ ಬಂದ. ಕೈಯಲ್ಲಿ ಇನ್ನೂ ಲಿಫ್ಟಿನ ಗ್ರೀಸು.

ಡಾಕ್ಟರು ಕೇಳಿದರು, "ಏನು ತಿಂದಿದ್ಲು?"

"ಸಾಸೇಜು" ಎಂದಳು ಚಿಟಿಕೆ.

"ಪ್ಯಾಕೆಟ್‌ದಾ?"

"ಅಲ್ಲ, ಮನೇಲಿ ಮಾಡಿದ್ದು. ಏನೂ ಕೆಮಿಕಲ್ ಹಾಕಿಲ್ಲ."

"ಯಾವತ್ತು ಮಾಡಿದ್ದು?"

"ಹೋದ ರಜಾ ದಿನ."

ಡಾಕ್ಟರ ಪೆನ್ನು ನಿಂತಿತು. "ಅಷ್ಟು ದಿನ ಇಟ್ಟಿದ್ರಾ? ಬೇಯಿಸಿದ ಕೋಳಿ, ಈ ಸೆಕೇಲಿ, ಡಬ್ಬೀಲಿ ಮಧ್ಯಾಹ್ನದವರೆಗೆ? ಕೆಟ್ಟಿರತ್ತಮ್ಮ. ಮಸಾಲೆ ಹಾಕಿದ್ರೆ ವಾಸನೆಯೂ ಗೊತ್ತಾಗಲ್ಲ."

ಗಂಡ ಅವಳ ಕಡೆ ತಿರುಗಿದ. "ಅಷ್ಟು ದಿನ ಇಟ್ಟಿದ್ಯಾ?"

ದಿನಾ ಅದೇ ಫ್ರಿಜ್ಜು ತೆಗೆದು ಅದೇ ತಟ್ಟೆಯ ಪಕ್ಕದ ನೀರಿನ ಬಾಟಲಿ ಎತ್ತಿಕೊಳ್ಳುತ್ತಿದ್ದವನು. ಅವಳಿಗೆ ಅಳುವೂ ಬರಲಿಲ್ಲ. ಪ್ಯಾಕೆಟ್ಟು ಕೊಟ್ಟರೆ ವಿಷ ಕೊಟ್ಟ ತಾಯಿ, ಮನೆಯದು ಕೊಟ್ಟರೂ ವಿಷ ಕೊಟ್ಟ ತಾಯಿ. ಅತ್ತ ದರಿ, ಇತ್ತ ಪುಲಿ. ಮಗಳ ಕೂದಲಿನಿಂದ ವಾಂತಿಯ ಚೂರನ್ನು ಒರೆಸುತ್ತ ಕೂತಳು. ಡ್ರಿಪ್ಪು ತೊಟ್ಟಿಕ್ಕುತ್ತಿತ್ತು. ಸಂಜೆಯ ಹೊತ್ತಿಗೆ ಮಗಳು ಕಣ್ಣು ಬಿಟ್ಟು, "ಅಮ್ಮ, ಬೂಟು ಹಾಕ್ಕೊಂಡೇ ಬಂದಿದ್ದೀಯಾ" ಎಂದಾಗ ಮಾತ್ರ ಅವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು.

ಮಗಳು ಚೇತರಿಸಿಕೊಂಡ ಮೇಲೆ ಚಿಟಿಕೆ ಕೆಲಸಕ್ಕೆ ಮರಳಿದಳು. ಟೀ ವಿರಾಮದಲ್ಲಿ ಲ್ಯಾಬಿನ ಬಾಗಿಲ ಮುಂದೆ ನಿಂತಳು. ಮಿಶ್ರಣದ ಅಳತೆಯನ್ನೆಲ್ಲ ಗೊತ್ತುಮಾಡುವುದು ಲ್ಯಾಬ್ ಮೇಡಂ. ಬೆರೆಸುವ ಕೋಣೆಯವರು ಆ ಬಾಗಿಲು ತಟ್ಟುವ ರೂಢಿಯಿರಲಿಲ್ಲ.

"ಮೇಡಂ, ಆ ಗುಲಾಬಿ ಉಪ್ಪು ಯಾಕೆ ಹಾಕ್ತೀವಿ?"

"ಬಣ್ಣಕ್ಕೆ" ಎಂದಳು ಮೇಡಂ, ಕಂಪ್ಯೂಟರಿನಿಂದ ತಲೆಯೆತ್ತದೆ.

"ಬಣ್ಣಕ್ಕೆ ಮಾತ್ರಾನಾ?"

ಆಗ ಮೇಡಂ ತಲೆಯೆತ್ತಿದಳು. ಚಿಟಿಕೆಯ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದಳು. ಕತೆಯೆಲ್ಲ ಕೇಳಿದ ಮೇಲೆ ಹೇಳಿದಳು: "ಬಣ್ಣ ಬರೋದು ನಿಜ. ಆದ್ರೆ ಅದು ಕಾವಲುಗಾರ ಕೂಡ. ಗಾಳಿ ಇಲ್ಲದ ಪ್ಯಾಕೆಟ್ಟಿನೊಳಗೆ ಬೆಳೆಯೋ ಕೆಟ್ಟ ಕ್ರಿಮಿಗಳಿವೆ, ಅವನ್ನ ತಡೆಯತ್ತೆ. ಅದೊಂದೇ ಅಲ್ಲ. ಸರಿಯಾಗಿ ಬೇಯಿಸೋದು, ಗಾಳಿ ತೆಗೆದು ಸೀಲ್ ಮಾಡೋದು, ಕೊನೇವರೆಗೂ ತಣ್ಣಗಿಡೋದು, ಎಲ್ಲ ಸೇರಿ ಅಷ್ಟು ದಿನ ಕಾಯತ್ತೆ. ನೀವು ಮನೇಲಿ ಎಲ್ಲಾ ಕಾವಲೂ ತೆಗೆದುಬಿಟ್ಟು ಬಾಗಿಲು ಹಾಕ್ಕೊಂಡಿದ್ದೀರಿ."

"ಬಾಗಿಲೂ ಸರಿಯಾಗಿ ಹಾಕ್ಕೊಳ್ಳಲ್ಲ ಮೇಡಂ, ನಮ್ಮನೆ ಫ್ರಿಜ್ಜು." ನಗು ಬರುವಂತಿರಲಿಲ್ಲ, ಆದರೂ ಬಂತು. "ಹಾಗಾದ್ರೆ ಆ ಬಿಳಿ ಕೋಟಿನವನು ಹೇಳಿದ್ದೆಲ್ಲ ಸುಳ್ಳಾ?"

"ಪೂರ್ತಿ ಸುಳ್ಳಲ್ಲ. ಇಂಥ ಮಾಂಸಾನ ದಿನಾ ತಿಂತಾ ಹೋದ್ರೆ, ವರ್ಷಗಟ್ಟಲೆ, ಒಳ್ಳೇದಲ್ಲ. ಉಪ್ಪೂ ಜಾಸ್ತಿ. ಅದಕ್ಕೇ ಇಷ್ಟಕ್ಕಿಂತ ಹೆಚ್ಚು ಹಾಕಬಾರದು ಅಂತ ಮಿತಿ ಇರೋದು, ನಿಮ್ಮ ಕೈಲಿ ತಕ್ಕಡಿ ಇರೋದು. ಆದ್ರೆ ಒಂದು ಪ್ಯಾಕೆಟ್ ತಿಂದವರೆಲ್ಲ ಸಾಯ್ತಾರೆ ಅನ್ನೋದು ಬರೀ ಸಂಗೀತ."

"ನಿಮ್ಮ ಮಕ್ಕಳಿಗೆ ಕೊಡ್ತೀರಾ?"

"ಯಾವಾಗಾದ್ರೂ ಒಂದ್ಸಲ. ನಾನು ಪೂರ್ತಿ ಸೋತು ಹೋದ ದಿನ."

"ನಮಗೆ ದಿನಾ ಸೋತ ದಿನವೇ ಮೇಡಂ" ಎಂದಳು ಚಿಟಿಕೆ. ಎದ್ದು ನಿಂತು, ಕೂದಲ ಬಲೆ ಸರಿಮಾಡಿಕೊಳ್ಳುತ್ತ, "ಇದನ್ನ ಮೊದಲೇ ಒಂದು ಮಾತು ಹೇಳಿದ್ರೆ ಆಗ್ತಿತ್ತು" ಎಂದಳು.

"ಹೇಳಬೇಕಿತ್ತು" ಎಂದಳು ಮೇಡಂ.

ಅವತ್ತೇ ಚಿಟಿಕೆ ಗ್ರೈಂಡರ್ ಅಕ್ಕನಿಗೆ ಹೇಳಿದಳು. ಆದ್ದರಿಂದ ಇಡೀ ಕಾರ್ಖಾನೆಗೆ ಕೇಳಿಸಿತು.

ಮನೆಯಲ್ಲಿ ನ್ಯಾಯಪಂಚಾಯಿತಿ ಸೇರಿದ್ದು ನಾದಿನಿ ಪುಟ್ಟಿಯನ್ನು ನೋಡಲು ಬಂದ ದಿನ. ಹಣ್ಣಿನ ಬುಟ್ಟಿ ಮೇಜಿನ ಮೇಲಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಚಿಟಿಕೆ ಮೇಡಂ ಹೇಳಿದ್ದನ್ನೆಲ್ಲ ಹೇಳಿದಳು. ನಾದಿನಿ ತಲೆಯಾಡಿಸುತ್ತ ಕೇಳಿ, "ಹಾಗಾದ್ರೆ ಇಟ್ಟಿದ್ದೇ ತಪ್ಪು. ದಿನಾ ಆಗಿಂದಾಗಲೇ ಮಾಡಿಬಿಟ್ರೆ ಆಯ್ತು ಅತ್ತಿಗೆ" ಎಂದಳು.

"ಹೌದು" ಎಂದ ಗಂಡ. "ಬೆಳಿಗ್ಗೆ ಸ್ವಲ್ಪ ಬೇಗ ಎದ್ರೆ ಆಗಿಹೋಗತ್ತೆ."

"ಯಾರು?" ಎಂದಳು ಚಿಟಿಕೆ.

"ಏನು ಯಾರು?"

"ಬೇಗ ಏಳೋದು ಯಾರು?"

ಗಂಡ ತಂಗಿಯ ಮುಖ ನೋಡಿದ. ಆ ಪ್ರಶ್ನೆ ಆ ಮನೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ, ಹಾಗಾಗಿ ಅದಕ್ಕೆ ಉತ್ತರವೂ ಬೆಳೆದಿರಲಿಲ್ಲ.

ನಾದಿನಿ ಮೆತ್ತಗೆ, "ಅತ್ತಿಗೆ, ಮಗುಗೋಸ್ಕರ ಅಷ್ಟು ಮಾಡೋಕಾಗಲ್ವಾ? ನಮ್ಮನೇಲಿ ದಿನಾ ಮಾಡಲ್ವಾ?" ಎಂದಳು.

ಮಾತಾಡಿದ್ದು ಅತ್ತೆ. "ನಿಮ್ಮನೇಲಿ ಮಾಡೋದು ಅಡುಗೆಯಾಕೆ. ಅವಳ ಮಗು ಡಬ್ಬೀಲಿ ಏನಿರತ್ತೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

ನಾದಿನಿ ಹಣ್ಣಿನ ಬುಟ್ಟಿಯ ದಾರ ಬಿಚ್ಚತೊಡಗಿದಳು.

"ಅಮ್ಮ, ನೀನೇ ತಾನೆ ಅವತ್ತು ಹೇಳಿದ್ದು, ನಿಮ್ಮ ಕಾಲದಲ್ಲಿ ಕಾಯಿಲೆ ಇರ್ಲಿಲ್ಲ ಅಂತ?" ಎಂದ ಗಂಡ.

"ಇರ್ಲಿಲ್ಲ, ನಿಮಗೆ ಇರ್ಲಿಲ್ಲ." ಅತ್ತೆ ಮೊಮ್ಮಗಳ ಕಾಲು ನೀವುತ್ತಿದ್ದರು. "ಬಿಸಿಬಿಸಿ ಇದ್ದದ್ದು ನಿಮ್ಮಪ್ಪಂಗೆ, ನಿಮಗೆ. ನಿನ್ನೇದು, ಮೊನ್ನೇದು ಯಾರು ತಿಂತಿದ್ರು? ಹುಳಿ ಬಂದಿದ್ರೂ ಎಸೀಬಾರದು ಅಂತ ನಾನು ತಿಂತಿದ್ದೆ. ಹೊಟ್ಟೆ ಕೆಟ್ರೆ ಹಿತ್ತಲಿಗೆ ಹೋಗಿ ಬಂದು ಮತ್ತೆ ಒಲೆ ಮುಂದೆ ಕೂರ್ತಿದ್ದೆ. ಹೇಳಿದ್ರೆ ತಾನೆ ಅದು ಕಾಯಿಲೆ? ಹೇಳದೇ ಇದ್ರೆ ಅದಕ್ಕೆ ಹೆಸರೂ ಇಲ್ಲ."

ಅತ್ತೆಯ ಬಾಯಿಂದ ಇಷ್ಟು ಉದ್ದದ ಮಾತನ್ನು, ಅದೂ ತಮ್ಮ ಹೊಟ್ಟೆಯ ಬಗ್ಗೆ, ಚಿಟಿಕೆ ಮೊದಲ ಸಲ ಕೇಳಿದ್ದಳು. ಅವಳಿಗೆ ಧೈರ್ಯ ಬಂದದ್ದು ಅಲ್ಲಿಂದಲೇ.

"ಪ್ಯಾಕೆಟ್ಟು ವಾರಕ್ಕೊಂದು ಸಲ ಸಾಕು" ಎಂದಳು. "ಅದನ್ನ ನಾನೇ ತೂಗಿ ಬೆರೆಸಿರ್ತೀನಿ, ಹೆದರೋದು ಬೇಡ. ಮಿಕ್ಕ ದಿನ ಡಬ್ಬಿಗೆ ಮೊಟ್ಟೆ, ಕಾಳು, ಏನೋ ಒಂದು ಮಾಡ್ತೀನಿ. ಮನೇಲಿ ಮಾಡಿದ ಕೋಳೀನೇ ಬೇಕು ಅನ್ನೋರು ರಜಾ ದಿನ ಮಾಡಿ. ಅವತ್ತು ಮಾಡಿದ್ದು ಅವತ್ತೇ ತಿಂದು ಮುಗಿಸಿ. ರಜಾ ದಿನ ಬೆಳಿಗ್ಗೆ ನಾನು ಮನೇಲಿರಲ್ಲ."

"ನನಗೆ ಅದೆಲ್ಲ ಬರಲ್ಲ ಕಣೇ."

"ನನಗೂ ಹುಟ್ತಾ ಬಂದಿರ್ಲಿಲ್ಲ ರೀ. ಇಡೀ ಲಿಫ್ಟು ಬಿಚ್ಚಿ ಜೋಡಿಸ್ತೀರ, ಮಿಕ್ಸಿ ಜಾರು ಬಿಚ್ಚೋಕೆ ಬರಲ್ವಾ?"

ಮಗಳು ಮಲಗಿದ್ದಲ್ಲಿಂದಲೇ, "ಅಪ್ಪ ಮಾಡಿದ್ರೆ ನಾನು ಬೂದಿ ಬಣ್ಣದ್ದೂ ತಿಂತೀನಿ" ಎಂದಳು. ಆ ಮಾತಿನ ಅನ್ಯಾಯ ಚಿಟಿಕೆಗೆ ಚುರುಕ್ಕೆಂದಿತು. ಆದರೂ ಅದನ್ನು ಎತ್ತಿ ಜೋಪಾನವಾಗಿ ಇಟ್ಟುಕೊಂಡಳು, ಕೆಲಸಕ್ಕೆ ಬರುತ್ತದೆ ಎಂದು.

ಮುಂದಿನ ರಜೆಯ ಬೆಳಿಗ್ಗೆ ಅವಳು ಕಪಾಟಿನ ಮೂಲೆಯಿಂದ ಟವೆಲ್ಲು ತೆಗೆದಾಗ ಅದರಿಂದ ಮುಗ್ಗಲು ವಾಸನೆ ಬರುತ್ತಿತ್ತು. ಬಾಗಿಲು ದಾಟುವಾಗ ಗಂಡ ಕತ್ತರಿಸುವ ಮಣೆಯ ಮೇಲಿನ ಕೋಳಿಯನ್ನು, ಮೊದಲ ಸಲ ನೋಡುವ ಹೊಸ ಮಾದರಿ ಮೋಟಾರಿನ ಹಾಗೆ ಎಲ್ಲ ಬದಿಯಿಂದ ನೋಡುತ್ತಿದ್ದ. ಅತ್ತೆ ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. "ನೀನು ಹೋಗು. ನಾನು ಬರೀ ನೋಡ್ತೀನಿ, ಕೈ ಹಾಕಲ್ಲ" ಎಂದರು. ಆ ಮುಖದಲ್ಲಿ ಸಿನಿಮಾ ಶುರುವಾಗುವ ಮುಂಚಿನ ಖುಷಿ ಇತ್ತು.

ಕೊಳದಲ್ಲಿ ಟೀಚರು, "ಎಲ್ಲಿ ಹೋಗಿಬಿಟ್ರಿ?" ಎಂದು ಕೇಳಿದಳು. "ಅಡುಗೆಮನೇಲಿ ಮುಳುಗಿದ್ದೆ" ಎಂದಳು ಚಿಟಿಕೆ. ಕಂಬಿ ಹಿಡಿದು ಕಾಲು ಬಡಿದಳು. ಬೆರೆಸುವ ಕೋಣೆಯಲ್ಲಿ ತಣ್ಣಗಾದ ಪಾದಗಳಿಗೆ ನೀರು ಬೆಚ್ಚಗಿತ್ತು. ಮನೆಯಲ್ಲಿ ಮೂಳೆ ಬಿಡಿಸಿದನೋ ಬೆರಳು ಕತ್ತರಿಸಿಕೊಂಡನೋ ಎಂಬ ಯೋಚನೆ ಬಂತು. ಬಂದದ್ದನ್ನು ಬರಲಿ ಎಂದು ಬಿಟ್ಟಳು. ಅದರ ಜೊತೆಗೇ ಕಂಬಿಯನ್ನೂ ಬಿಟ್ಟಳು. ತಕ್ಷಣ ಮುಳುಗಿದಳು. ಮೂಗಿಗೆ, ಬಾಯಿಗೆ ನೀರು ನುಗ್ಗಿತು. ಕೆಮ್ಮುತ್ತ ಎದ್ದಾಗ ಟೀಚರು ಅವಳ ತೋಳು ಹಿಡಿದು ನಗುತ್ತಿದ್ದಳು. "ಬಿಟ್ರಲ್ಲ, ಇವತ್ತಿಗೆ ಅಷ್ಟೇ ಸಾಕು. ತೇಲೋದು ಆಮೇಲೆ."

ಅವಳು ಮನೆಗೆ ಬರುವಾಗ ಊಟದ ಹೊತ್ತಾಗಿತ್ತು. ಅಡುಗೆಮನೆಯಲ್ಲಿ ಯುದ್ಧ ಮುಗಿದ ಮೈದಾನದ ಕಳೆ. ಇದ್ದಬದ್ದ ಪಾತ್ರೆಗಳೆಲ್ಲ ಸಿಂಕಿನಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಆದರೆ ಫ್ರಿಜ್ಜಿನ ಬಾಗಿಲಿಗೆ ಹೊಸ ರಬ್ಬರು ಬಂದಿತ್ತು. ಹಾಕಿದಾಗ ಚಪ್ ಎಂದು ತುಟಿ ಕೂಡಿಸಿದ ಹಾಗೆ ಮುಚ್ಚಿಕೊಂಡಿತು. ತಟ್ಟೆಯಲ್ಲಿ ಬೂದಿ ಬಣ್ಣದ, ಸಾಸೇಜೆಂದು ಹೇಳಿದರೆ ಮಾತ್ರ ಗೊತ್ತಾಗುವ ನಾಲ್ಕಾರು ಉಂಡೆಗಳಿದ್ದವು.

ಮಗಳು, "ಇವತ್ತೇ ತಿನ್ನಬೇಕಂತೆ ಅಮ್ಮ, ನಾಳೆಗಿಲ್ಲ" ಎಂದು ಒಂದನ್ನು ಅವಳ ತಟ್ಟೆಗಿಟ್ಟಳು. ಎಲ್ಲರೂ ಕೂತಿದ್ದರು. ಯಾರೂ ಅವಳು ಬಡಿಸಲೆಂದು ಕಾಯುತ್ತಿರಲಿಲ್ಲ. ಅವಳು ತಿನ್ನಲೆಂದು ಕಾಯುತ್ತಿದ್ದರು.

"ಹೇಗಿದೆ?" ಎಂದ ಗಂಡ. ಅವನ ಹಣೆಯಲ್ಲಿ ಬೆವರಿತ್ತು, ಹೆಬ್ಬೆರಳಿಗೆ ಪಟ್ಟಿ ಇತ್ತು.

ಅವಳು ನಿಧಾನವಾಗಿ ಅಗಿದಳು. ಈ ಪ್ರಶ್ನೆಯನ್ನು ಈ ಮೇಜಿನ ಸುತ್ತ ಅವಳೇ ವರ್ಷಗಟ್ಟಲೆ ಕೇಳುತ್ತ ಬಂದಿದ್ದಳು, ಉತ್ತರಕ್ಕಾಗಿ ಬಾಗಿಲಲ್ಲಿ ನಿಂತು ಕಾದಿದ್ದಳು. "ಉಪ್ಪು ಸಾಲದು" ಎಂದಳು. "ಮಿಕ್ಕಿದ್ದು ಚೆನ್ನಾಗಿದೆ."

"ಉಪ್ಪಿಗೂ ಹೆದರಿಕೆ ಆಗ್ಬಿಟ್ಟಿತ್ತು ಕಣೇ ನನಗೆ."

ಅತ್ತೆ ನಕ್ಕು ಕೆಮ್ಮಿದರು.

ಊಟ ಮುಗಿಸಿ ಅವಳು ಒದ್ದೆ ಟವೆಲ್ಲನ್ನು ತಂತಿಗೆ ಹರವಿ, ವರಾಂಡದ ಕುರ್ಚಿಯಲ್ಲಿ ಕೂತು ಕೂದಲು ಬಿಚ್ಚಿದಳು. ಒಳಗೆ ಪಾತ್ರೆಗಳ ಸದ್ದು ಶುರುವಾಗಿ, ನಿಂತು, ಮತ್ತೆ ಶುರುವಾಯಿತು.

"ಈ ಬ್ಲೇಡಿನ ಅಡೀಲಿರೋ ಕೊಬ್ಬು ಹೋಗ್ತಾನೇ ಇಲ್ವಲ್ಲ" ಎಂದು ಗಂಡ ಒಳಗಿಂದ ಕೂಗಿದ. "ನೀನು ಹೇಗೆ ತೆಗೀತಿದ್ದೆ?"

ಅವಳ ಕಾಲು ತಾನಾಗಿಯೇ ನೆಲಕ್ಕೂರಿ ಏಳಲು ಅಣಿಯಾಯಿತು. ಎದ್ದುಬಿಟ್ಟರೆ ಒಂದು ನಿಮಿಷದ ಕೆಲಸ. ಆ ಒಂದೊಂದು ನಿಮಿಷವೇ ಇಷ್ಟು ವರ್ಷವಾದದ್ದು. ಅವಳು ಕಾಲನ್ನು ಮತ್ತೆ ಮಡಚಿ ಕುರ್ಚಿಯ ಮೇಲಿಟ್ಟುಕೊಂಡಳು.

"ಬಿಸಿನೀರಲ್ಲಿ ನೆನೆಹಾಕಿ. ಆಮೇಲೆ ಕಿಟಕಿ ಹತ್ರ ಹಳೇ ಬ್ರಷ್ಷಿದೆ."

"ಯಾವ ಕಿಟಕಿ?"

"ಹುಡುಕಿ" ಎಂದಳು, ಕೂದಲಿಗೆ ಬಾಚಣಿಗೆ ಹಾಕುತ್ತ.